ರಾತ್ರಿ ಬಸ್ಸು ಹತ್ತುವ ಮುನ್ನ

ಸೋಮವಾರ ಬೆಳಿಗ್ಗೆ ನಮ್ಮಂಥ ಸಾಮಾನ್ಯ ವೈದ್ಯರ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಒಂದು ಬಗೆಯವರನ್ನು ಅವರು ಬಾಯಿ ತೆರೆಯುವ ಮೊದಲೇ ಗುರುತಿಸಿಬಿಡಬಹುದು. ಕೆದರಿದ ಕೂದಲು, ಸುಕ್ಕಾದ ಬಟ್ಟೆ, ಚಪ್ಪಲಿಯೊಳಗೆ ಹಿಡಿಸದಷ್ಟು ಊದಿದ ಪಾದ. ಇವರು ಬೆಂಗಳೂರಿನಲ್ಲಿ ಮದುವೆಯನ್ನೋ ಗೃಹಪ್ರವೇಶವನ್ನೋ ಮೊಮ್ಮಗುವಿನ ನಾಮಕರಣವನ್ನೋ ಮುಗಿಸಿ, ಭಾನುವಾರ ರಾತ್ರಿಯ ಬಸ್ಸಿನಲ್ಲಿ ಮಂಗಳೂರಿಗೆ ಬಂದಿಳಿದವರು. ಒಬ್ಬರಿಗೆ ಉರಿಮೂತ್ರ, ಇನ್ನೊಬ್ಬರಿಗೆ ಕತ್ತು ತಿರುಗಿಸಲಾಗದ ನೋವು, ಮತ್ತೊಬ್ಬರಿಗೆ ಶಿರಾಡಿ ಘಾಟಿಯಲ್ಲಿ ಶುರುವಾಗಿ ಇನ್ನೂ ನಿಲ್ಲದ ವಾಂತಿ. "ರಾತ್ರಿ ಏನೂ ತಿಂದಿಲ್ಲ ಡಾಕ್ಟ್ರೇ, ಮಧ್ಯಾಹ್ನದಿಂದ ನೀರೂ ಕುಡಿದಿಲ್ಲ, ಆದರೂ ಹೀಗಾಯಿತು" ಎನ್ನುತ್ತಾರೆ. 'ಆದರೂ' ಅಲ್ಲ, 'ಆದ್ದರಿಂದಲೇ' ಹೀಗಾಯಿತು ಎಂದು ನಾನು ತಿದ್ದಬೇಕಾಗುತ್ತದೆ.

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ, ಘಾಟಿ ಇಳಿದು, ಉಪ್ಪಿನಂಗಡಿ, ಬಿ.ಸಿ.ರೋಡ್ ಮೂಲಕ ಊರು ಸೇರುವ ದಾರಿ. ರಾತ್ರಿ ಹತ್ತರ ಸುಮಾರಿಗೆ ಹೊರಟರೆ ಬೆಳಗಿನ ಜಾವ ಘಾಟಿ, ಆರೇಳು ಗಂಟೆಗೆ ಮಂಗಳೂರು. ಕೆಂಪು ಬಸ್ಸಿನ ಜೊತೆಗೆ ನಮ್ಮ ಸಾರಿಗೆ ಸಂಸ್ಥೆಯಲ್ಲಿ ಈಗ ರಾಜಹಂಸ, ಐರಾವತ, ಮಲಗಿ ಹೋಗಲು ಅಂಬಾರಿ, ಪಲ್ಲಕ್ಕಿ ಎಲ್ಲವೂ ಇವೆ. ಹೆಸರು ಕೇಳಿದರೆ ಅರಮನೆಯ ಮೆರವಣಿಗೆ ಹೊರಟಂತೆ! ಆದರೆ ಪ್ರಯಾಣದ ಸುಖ ಟಿಕೆಟಿನ ದರದಿಂದಷ್ಟೇ ಬರುವುದಿಲ್ಲ. ನೀರು, ಶೌಚ, ಔಷಧಿ ಈ ಮೂರರ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡವರು ಕೆಂಪು ಬಸ್ಸಿನಿಂದಲೂ ನಗುತ್ತಾ ಇಳಿಯುವುದನ್ನು ಕಂಡಿದ್ದೇನೆ. ಗೊತ್ತುಮಾಡಿಕೊಳ್ಳದವರು ಅಂಬಾರಿಯಲ್ಲಿ ಮಲಗಿ ಬಂದರೂ ನೇರವಾಗಿ ವೈದ್ಯರ ಬಾಗಿಲಿಗೇ ಬರುತ್ತಾರೆ.

ನೀರಿಗೇಕೆ ಹೆದರಿಕೆ?

ಐವತ್ತು ದಾಟಿದ ಶಾಲಾ ಶಿಕ್ಷಕಿಯೊಬ್ಬರು ಕೆಲವು ವರ್ಷಗಳ ಹಿಂದೆ ಚಳಿಜ್ವರವೆಂದು ನನ್ನಲ್ಲಿಗೆ ಬಂದರು. ಹಲ್ಲು ಕಟಕಟಿಸುವಷ್ಟು ನಡುಕ, ಸೊಂಟದ ಮೇಲ್ಭಾಗದಲ್ಲಿ ಬಲಗಡೆ ನೋವು. ಮಲೇರಿಯಾ ಇರಬಹುದೆಂದು ಮನೆಯವರ ಅನುಮಾನ. ಮಂಗಳೂರಿನವರಿಗೆ ಚಳಿಜ್ವರವೆಂದರೆ ಮೊದಲು ನೆನಪಾಗುವುದು ಅದೇ. ವಿಚಾರಿಸಿದಾಗ ತಿಳಿದದ್ದು: ಮೂರು ದಿನದ ಹಿಂದೆ ಬೆಂಗಳೂರಿನಿಂದ ಬಂದಿದ್ದಾರೆ. ಹೊರಡುವ ದಿನ ಮಧ್ಯಾಹ್ನ ಊಟದ ಜೊತೆ ಕುಡಿದ ಒಂದು ಲೋಟವೇ ಕೊನೆ, ಆಮೇಲೆ ಮರುದಿನ ಬೆಳಿಗ್ಗೆ ಮನೆ ಸೇರುವವರೆಗೆ ನೀರು ಮುಟ್ಟಿಲ್ಲ. ಬಸ್ಸು ಒಂದು ಕಡೆ ನಿಂತಿತ್ತು, ಆದರೆ ಅಲ್ಲಿಯ ಶೌಚಾಲಯದಲ್ಲಿ ದೀಪವಿರಲಿಲ್ಲವೆಂದು ಇಳಿಯಲಿಲ್ಲ. ಮರುದಿನವೇ ಉರಿಮೂತ್ರ ಶುರುವಾಗಿತ್ತು. "ಉಷ್ಣ" ಎಂದು ಎಳನೀರು ಕುಡಿದು ಸುಮ್ಮನಿದ್ದರು. ಅಷ್ಟರಲ್ಲಿ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಐದು ದಿನ ಆಸ್ಪತ್ರೆಯಲ್ಲಿ ಮಲಗಿ, ರಕ್ತನಾಳದ ಮೂಲಕ ಔಷಧಿ ಪಡೆಯಬೇಕಾಯಿತು.

ಇದು ಅಪರೂಪದ ಕಥೆಯಲ್ಲ. ಹೆಂಗಸರಲ್ಲಿ ಮೂತ್ರನಾಳ ಬಹಳ ಗಿಡ್ಡ. ಹೊರಗಿನ ರೋಗಾಣುಗಳು ಮೂತ್ರಕೋಶ ಸೇರಲು ಹೆಚ್ಚು ದೂರ ಕ್ರಮಿಸಬೇಕಿಲ್ಲ. ಹೀಗೆ ಒಳ ಸೇರಿದ್ದನ್ನು ಕಾಲಕಾಲಕ್ಕೆ ತೊಳೆದು ಹೊರಹಾಕುವುದು ಮೂತ್ರವೇ. ನೀರು ಕುಡಿಯದೆ, ಬಂದದ್ದನ್ನೂ ಗಂಟೆಗಟ್ಟಲೆ ತಡೆದು ಕುಳಿತರೆ ರೋಗಾಣುಗಳಿಗೆ ಬೆಚ್ಚಗಿನ ಬಿಡಾರ ಸಿಕ್ಕಂತೆ. ಸಕ್ಕರೆ ಕಾಯಿಲೆಯಿದ್ದರಂತೂ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ತಮಾಷೆಯಿದೆ. ನೀರು ಬಿಟ್ಟರೆ ಒಂದಕ್ಕೆ ಹೋಗುವ ತೊಂದರೆಯೇ ಇರುವುದಿಲ್ಲ ಎಂಬ ಲೆಕ್ಕಾಚಾರವೂ ಪೂರ್ತಿ ಸರಿಯಲ್ಲ. ಆರೋಗ್ಯವಂತರ ದೇಹ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರ ತಯಾರಿಸುತ್ತದೆ, ಅಂದರೆ ಗಂಟೆಗೆ ಸುಮಾರು 60 ಮಿಲಿಲೀಟರ್. ಮೂತ್ರಕೋಶ 400ರಿಂದ 500 ಮಿಲಿಲೀಟರ್ ಹಿಡಿದಿಟ್ಟುಕೊಳ್ಳಬಲ್ಲದು. ಖಾಲಿ ಮಾಡಿಕೊಂಡು ಬಸ್ಸು ಹತ್ತಿದವರಿಗೆ, ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿದ್ದರೂ, ದಾರಿಯಲ್ಲಿ ಒಂದು ಸಲ ಇಳಿದರೆ ಸಾಕಾಗುತ್ತದೆ. ನೀರೇ ಇಲ್ಲದಾಗ ಮೂತ್ರ ಗಟ್ಟಿಯಾಗಿ, ಹಳದಿಯಾಗಿ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತದೆ. ಸ್ವಲ್ಪವೇ ತುಂಬಿದ್ದರೂ ಅವಸರವಾಗುತ್ತದೆ. ಆ ಅವಸರ ಘಾಟಿಯ ನಡುವೆ ಬಂದರೆ ಗತಿಯೇನು? ಕಡಿದಾದ ತಿರುವಿನಲ್ಲಿ ಚಾಲಕ ಬಸ್ಸು ನಿಲ್ಲಿಸಲಾರ, ನಿಲ್ಲಿಸಲೂಬಾರದು.

ಹಾಗಾದರೆ ಏನು ಮಾಡಬೇಕು? ಹೊರಡುವ ದಿನ ಸಂಜೆಯವರೆಗೂ ಎಂದಿನಂತೆ ಧಾರಾಳವಾಗಿ ನೀರು ಕುಡಿಯಿರಿ. ಬಸ್ಸಿಗೆ ಎರಡು ಗಂಟೆ ಇರುವಾಗ ಒಟ್ಟೊಟ್ಟಿಗೆ ಲೋಟಗಟ್ಟಲೆ ಕುಡಿಯುವುದನ್ನು ನಿಲ್ಲಿಸಿ. ಹತ್ತುವ ಐದು ನಿಮಿಷ ಮುಂಚೆ, ಬೇಕೆನಿಸಲಿ ಬೇಡವೆನಿಸಲಿ, ಒಮ್ಮೆ ಶೌಚಾಲಯಕ್ಕೆ ಹೋಗಿ ಬನ್ನಿ. ಬಸ್ಸಿನಲ್ಲಿ ಅರ್ಧ ಲೀಟರಿನ ಬಾಟಲಿ ಕೈಯಲ್ಲಿರಲಿ. ಬಾಯಾರಿದಾಗ ಒಂದೆರಡು ಗುಟುಕು ಸಾಕು. ಹವಾನಿಯಂತ್ರಿತ ಬಸ್ಸಿನ ಒಣ ಗಾಳಿಯಲ್ಲಿ ಗಂಟಲು ಬೇಗ ಒಣಗುತ್ತದೆ. ರಾತ್ರಿ ಎಂಟರ ಕಾಫಿಯನ್ನು ಬಿಡಿ. ಅದು ನಿದ್ದೆಯನ್ನೂ ಕೆಡಿಸುತ್ತದೆ, ಅವಸರವನ್ನೂ ತರುತ್ತದೆ. ಮದ್ಯದ ಮಾತಂತೂ ಬೇಡವೇ ಬೇಡ.

ಹೆಂಗಸರ ಹೆದರಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಗಂಡಸರು ಬಸ್ಸು ನಿಂತಲ್ಲಿ ಕತ್ತಲೆಯ ಕಡೆ ಮುಖ ಮಾಡಿ ಕೆಲಸ ಮುಗಿಸುತ್ತಾರೆ. ಅದೂ ಸರಿಯಾದ ಅಭ್ಯಾಸವಲ್ಲ ಎನ್ನಿ. ಹೆಂಗಸರಿಗೆ ಬಾಗಿಲು, ಚಿಲಕ, ನೀರು, ದೀಪ ನಾಲ್ಕೂ ಬೇಕು. ಎಷ್ಟೋ ಕಡೆ ನಾಲ್ಕರಲ್ಲಿ ಎರಡು ಸಿಕ್ಕರೆ ಪುಣ್ಯ. ಆದ್ದರಿಂದ ಇದು ಟಿಕೆಟ್ ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಗಂಟೆಗೆ? ಹಾಸನದಂತಹ ದೊಡ್ಡ ನಿಲ್ದಾಣದೊಳಗೆ ಹೋಗುತ್ತದೆಯೋ, ಯಾವುದೋ ಹೋಟೆಲಿನ ಮುಂದೆ ಐದು ನಿಮಿಷ ನಿಂತು ಹೊರಡುತ್ತದೆಯೋ? ಹತ್ತಿದ ಕೂಡಲೇ ಕಂಡಕ್ಟರಿಗೋ ಚಾಲಕನಿಗೋ, "ಅಮ್ಮ ಇದ್ದಾರೆ, ಶೌಚಾಲಯವಿರುವ ಕಡೆ ನಿಲ್ಲಿಸುವಾಗ ದಯವಿಟ್ಟು ಎಬ್ಬಿಸಿ" ಎಂದು ಒಂದು ಮಾತು ಹೇಳಿಡಿ. ಬಹುಪಾಲು ಮಂದಿ ನೆನಪಿಟ್ಟು ಎಬ್ಬಿಸುತ್ತಾರೆ. ಜೊತೆಯಲ್ಲಿರುವ ಗಂಡನೋ ಮಗನೋ ಗೊರಕೆ ಹೊಡೆಯುತ್ತಾ ಮಲಗದೆ, ಕೆಳಗಿಳಿದು ಬಾಗಿಲ ಬಳಿ ಕಾವಲು ನಿಲ್ಲುವುದು ಅಷ್ಟೇ ಮುಖ್ಯ. ಕೈಚೀಲದಲ್ಲಿ ಒಂದು ಪುಟ್ಟ ಟಾರ್ಚು, ಸಾಬೂನಿನ ತುಂಡು, ಹಳೆಯ ಪತ್ರಿಕೆಯ ಹಾಳೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಹೃದಯ ಅಥವಾ ರಕ್ತದೊತ್ತಡದ ತೊಂದರೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನೊಂದು ಬಗೆಯವರು. ಪ್ರಯಾಣದ ದಿನ ಇವರು ತಾವಾಗಿಯೇ ಮಾತ್ರೆ ಬಿಟ್ಟುಬಿಡುತ್ತಾರೆ. ಹೃದಯ ದುರ್ಬಲವಾಗಿರುವವರಲ್ಲಿ ಇದರಿಂದ ನಡುರಾತ್ರಿ ಉಸಿರು ಕಟ್ಟಬಹುದು. ಲ್ಯಾಸಿಕ್ಸ್‌ನಂತಹ ಮಾತ್ರೆಯ ಪ್ರಭಾವ ಸುಮಾರು ಆರು ಗಂಟೆ. ಬೆಳಿಗ್ಗೆ ಎಂದಿನಂತೆ ತೆಗೆದುಕೊಂಡರೆ ರಾತ್ರಿ ಹತ್ತರ ಬಸ್ಸಿಗೆ ಅದರ ಕಾಟವಿಲ್ಲ. ಎರಡನೇ ಮಾತ್ರೆ ಇರುವವರು, ಬೇರೆ ಬಗೆಯ ಮಾತ್ರೆಯವರು ತಮ್ಮ ವೈದ್ಯರನ್ನು ಕೇಳಿ ಹೊತ್ತು ಬದಲಾಯಿಸಿಕೊಳ್ಳಬೇಕು. ಬದಲಾಯಿಸಬೇಕಾದ್ದು ಹೊತ್ತನ್ನು ಮಾತ್ರ.

ಒಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ. ಗಂಟೆಗೊಮ್ಮೆ ಏಳಬೇಕಾದ ವೃದ್ಧರಿಗೆ, ಈಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ತಿಂಗಳು ತುಂಬುತ್ತಿರುವ ಗರ್ಭಿಣಿಯರಿಗೆ ರಾತ್ರಿ ಬಸ್ಸಿಗಿಂತ ರೈಲೇ ವಾಸಿ. ಅಲ್ಲಿ ಶೌಚಾಲಯ ಹತ್ತು ಹೆಜ್ಜೆಯಲ್ಲಿದೆ. ಟಿಕೆಟ್ ಸಿಗಲಿಲ್ಲವೆಂದರೆ ಹೋಗುವ ದಿನವನ್ನೇ ಮುಂದೂಡಿ. ಮದುವೆಯ ಮುಹೂರ್ತವನ್ನು ಮುಂದೂಡಲಾಗದು ನಿಜ, ಆದರೆ ಎರಡು ದಿನ ಮೊದಲೇ ಹಗಲು ಹೊತ್ತಿನಲ್ಲಿ ಹೊರಡಬಹುದಲ್ಲ?

ಯಾವ ಸೀಟು?

ಬಸ್ಸಿನ ಹಿಂದಿನ ಚಕ್ರದ ಮೇಲೂ ಅದರಾಚೆಗೂ ಕುಲುಕಾಟ ಹೆಚ್ಚು. ಬೆನ್ನು ನೋವಿನವರು, ಗರ್ಭಿಣಿಯರು, ವಾಂತಿಯಾಗುವವರು ಮುಂದಿನ ಚಕ್ರ ಮತ್ತು ಹಿಂದಿನ ಚಕ್ರದ ನಡುವಿನ ಸೀಟನ್ನೇ ಕೇಳಿ ಪಡೆಯಬೇಕು. ಮಲಗುವ ಬಸ್ಸಾದರೆ ಕೆಳಗಿನ ಹಾಸಿಗೆ. ಮೇಲಿನದು ತೊಟ್ಟಿಲಿನಂತೆ ಹೆಚ್ಚು ತೂಗುತ್ತದೆ, ಮಂಡಿ ನೋವಿನ ಅಜ್ಜಿಗೆ ಹತ್ತಿ ಇಳಿಯುವುದೂ ಕಷ್ಟ. ರಾತ್ರಿ ಏಳಬೇಕಾದವರಿಗೆ ಕಿಟಕಿಗಿಂತ ನಡುದಾರಿಯ ಪಕ್ಕದ ಸೀಟು ಒಳ್ಳೆಯದು. ಪಕ್ಕದವರನ್ನು ಎಬ್ಬಿಸುವ ಸಂಕೋಚದಿಂದಲೇ ಎಷ್ಟೋ ಜನ ತಡೆದು ಕೂರುತ್ತಾರೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ಉಳಿಯುತ್ತದೆ. ರಾಜಹಂಸ, ಹವಾನಿಯಂತ್ರಿತ ಹಾಗೂ ಮಲಗುವ ಬಸ್ಸುಗಳಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ದೂರದ ಊರಿಗೂ ಕೆಂಪು ಬಸ್ಸಿನಲ್ಲೇ ಹೊರಡುವ ತಾಯಂದಿರು ಅನೇಕರು. ತಪ್ಪೇನಿಲ್ಲ. ಹಿಂದಕ್ಕೆ ಬಾಗದ ಆ ಸೀಟಿನಲ್ಲಿ ಬೆನ್ನನ್ನು ಕಾಪಾಡುವುದು ಒಂದು ಸ್ನಾನದ ಟವೆಲು. ಅದನ್ನು ಸುರುಳಿ ಸುತ್ತಿ ಸೊಂಟದ ಬಳಿಯ ಬಳುಕಿಗೆ ಒತ್ತಿಟ್ಟುಕೊಳ್ಳಿ. ಕುತ್ತಿಗೆಗೆ ಶಾಲನ್ನು ದಪ್ಪಗೆ ಸುತ್ತಿಕೊಂಡರೆ ತೂಕಡಿಸುವಾಗ ತಲೆ ಪಕ್ಕಕ್ಕೆ ಜೋತು ಬೀಳುವುದಿಲ್ಲ. ಪಾದ ನೆಲಕ್ಕೆ ಎಟುಕದವರು ಕೆಳಗೆ ಒಂದು ಚೀಲ ಇಟ್ಟುಕೊಳ್ಳಲಿ. ಇಷ್ಟಕ್ಕೆ ಅಂಗಡಿಯ ಊದುವ ದಿಂಬೇನೂ ಬೇಕಿಲ್ಲ.

ಸೀಟಿನಲ್ಲಿ ಕುಳಿತ ಮೇಲೆ ಮಾಡಬೇಕಾದ ಮೊದಲ ಕೆಲಸ ಮೊಬೈಲ್ ತೆಗೆಯುವುದಲ್ಲ. ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ನೋಡಿಕೊಳ್ಳಿ. 2013ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಇನ್ನೊಂದು ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಆಹುತಿಯಾಯಿತು. ಎರಡು ಸಲವೂ ನಸುಕಿನ ಹೊತ್ತು, ಪ್ರಯಾಣಿಕರು ನಿದ್ದೆಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಬೆಂಕಿಗಿಂತ ಮೊದಲು ಮನುಷ್ಯನನ್ನು ಕೆಡವುವುದು ಹೊಗೆ. ಬಾಗಿಲು ಎಲ್ಲಿದೆಯೆಂದು ಹುಡುಕಲು ಆಗ ಸಮಯವಿರುವುದಿಲ್ಲ. ಸುತ್ತಿಗೆ ಕಾಣದಿದ್ದರೆ ಹೊರಡುವ ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ.

ಘಾಟಿಯಲ್ಲಿ ಹೊಟ್ಟೆ ತೊಳಸಿದರೆ

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಕರಾವಳಿಯ ತಗ್ಗಿಗೆ ತಿರುವು ಮುರುವು ದಾರಿಯಲ್ಲಿ ಇಳಿಯುವಾಗ ಹೊಟ್ಟೆ ತೊಳಸುವುದು ಹೊಟ್ಟೆಯ ದೋಷದಿಂದಲ್ಲ. ನಮ್ಮ ಒಳಕಿವಿಯಲ್ಲಿ ದೇಹದ ಚಲನೆಯನ್ನು ಅಳೆಯುವ ಅಂಗವೊಂದಿದೆ. ಬಸ್ಸು ಎಡಕ್ಕೆ ವಾಲಿತು, ಬಲಕ್ಕೆ ತಿರುಗಿತು ಎಂದು ಅದು ಮಿದುಳಿಗೆ ವರದಿ ಒಪ್ಪಿಸುತ್ತಿರುತ್ತದೆ. ಕಣ್ಣು ಮಾತ್ರ ಮುಂದಿನ ಸೀಟಿನ ಬೆನ್ನನ್ನೋ ಮೊಬೈಲಿನ ಪರದೆಯನ್ನೋ ನೋಡುತ್ತಾ "ಎಲ್ಲವೂ ಸ್ಥಿರವಾಗಿದೆ" ಎನ್ನುತ್ತದೆ. ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗದಾಗ ಮಿದುಳಿಗೆ ಗೊಂದಲ. ಅದರ ಪರಿಣಾಮವೇ ಬಾಯಲ್ಲಿ ನೀರೂರುವುದು, ತಣ್ಣನೆಯ ಬೆವರು, ಓಕರಿಕೆ. ಚಾಲಕನಿಗೆ ಸಾಮಾನ್ಯವಾಗಿ ಹೀಗಾಗದು. ಮುಂದಿನ ತಿರುವನ್ನು ಅವನ ಕಣ್ಣು ಮೊದಲೇ ಕಂಡಿರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೂ ಅಪರೂಪ. ಎರಡರಿಂದ ಹನ್ನೆರಡು ವಯಸ್ಸಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ, ಗರ್ಭಿಣಿಯರಿಗೆ, ಅರೆತಲೆನೋವಿನವರಿಗೆ ಹೆಚ್ಚು.

ಹಗಲಾದರೆ ಮುಂದಿನ ಗಾಜಿನ ಮೂಲಕ ದೂರದ ರಸ್ತೆಯನ್ನು ನೋಡುತ್ತಿರಿ. ರಾತ್ರಿ ನೋಡಲು ಏನೂ ಇರುವುದಿಲ್ಲವಾದ್ದರಿಂದ ಕಣ್ಣು ಮುಚ್ಚಿ, ತಲೆ ಅಲುಗಾಡದಂತೆ ಒರಗಿ ಮಲಗುವುದೇ ಉಪಾಯ. ಘಾಟಿಯಲ್ಲಿ ಮೊಬೈಲ್ ನೋಡುವುದು ವಾಂತಿಯನ್ನು ಕೈ ಬೀಸಿ ಕರೆದಂತೆ. ಖಾಲಿ ಹೊಟ್ಟೆಯೂ ಬೇಡ, ಬಿರಿಯಾನಿ ತುಂಬಿದ ಹೊಟ್ಟೆಯೂ ಬೇಡ. ಹೊರಡುವ ಎರಡು ಗಂಟೆ ಮೊದಲು ಇಡ್ಲಿ, ಮೊಸರನ್ನ ಅಥವಾ ಎರಡು ಚಪಾತಿ ಸಾಕು. ಬುತ್ತಿ ಕಟ್ಟುವವರು ತೆಂಗಿನಕಾಯಿ ಚಟ್ನಿ ಕಟ್ಟಬೇಡಿ, ಸೆಕೆಗೆ ಬೇಗ ಹಳಸುತ್ತದೆ. ಚಟ್ನಿಪುಡಿ ಇರಲಿ. ಶುಂಠಿಯ ತುಂಡು ಕೆಲವರಿಗೆ ಸ್ವಲ್ಪ ಉಪಶಮನ ಕೊಡುತ್ತದೆ. ನಿಂಬೆಹಣ್ಣು ಮೂಸುವುದನ್ನು ನಾನು ಬೇಡವೆನ್ನುವುದಿಲ್ಲ, ಅದರಿಂದ ಕೆಡುಕಂತೂ ಇಲ್ಲ.

ಇನ್ನು ಮಾತ್ರೆ. ಅವೋಮಿನ್ ಎಂಬ ಹೆಸರು ನಮ್ಮ ಮನೆಗಳಲ್ಲಿ ಅಮೃತಾಂಜನದಷ್ಟೇ ಪರಿಚಿತ. ಇದನ್ನು ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಮಾತ್ರೆಯೂ ಹೊರಬರುತ್ತದೆ. ಹೊರಡುವ ಒಂದೆರಡು ಗಂಟೆ ಮೊದಲೇ ಹೊಟ್ಟೆ ಸೇರಿರಬೇಕು. ಹೊಟ್ಟೆ ಕೆಟ್ಟಾಗ ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆಯನ್ನು ಕೆಲವರು ಬಸ್ಸಿಗೂ ಬಳಸುತ್ತಾರೆ. ಪ್ರಯಾಣದ ವಾಂತಿಗೆ ಅದು ಹೇಳುವಂಥ ಫಲ ಕೊಡುವುದಿಲ್ಲ.

ಆದರೆ ಪರಿಚಿತ ಮಾತ್ರೆಯೆಂದು ಎಲ್ಲರೂ ಹಂಚಿಕೊಂಡು ನುಂಗುವಂತಿಲ್ಲ. ಎಪ್ಪತ್ತರ ಹಿರಿಯರೊಬ್ಬರು ಬೆಂಗಳೂರಿನಿಂದ ಹೊರಡುವಾಗ ಸೊಸೆ ತನಗೆಂದು ತಂದಿದ್ದ ವಾಂತಿ ಮಾತ್ರೆಯಲ್ಲೊಂದನ್ನು "ನಿಮಗೂ ಇರಲಿ ಮಾವ" ಎಂದು ಕೊಟ್ಟಳು. ಅವರಿಗೆ ಮೊದಲೇ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿತ್ತು. ಮೂತ್ರ ತೊಟ್ಟಿಕ್ಕುವಂತೆ ಹೋಗುತ್ತಿದ್ದುದನ್ನು ವಯಸ್ಸಿನ ಸಹಜವೆಂದು ಯಾರಿಗೂ ಹೇಳಿರಲಿಲ್ಲ. ಹಾಸನದಲ್ಲಿ ಇಳಿದು ನಿಂತರೆ ಒಂದು ಹನಿಯೂ ಬರಲಿಲ್ಲ. ಮಂಗಳೂರು ಮುಟ್ಟುವಷ್ಟರಲ್ಲಿ ಹೊಕ್ಕುಳ ಕೆಳಗೆ ತೆಂಗಿನಕಾಯಿಯಂತೆ ಗಟ್ಟಿಯಾಗಿ ಊದಿ, ಮನುಷ್ಯ ನೋವಿನಿಂದ ಬೆವೆತುಹೋಗಿದ್ದರು. ನಿಲ್ದಾಣದಿಂದ ನೇರವಾಗಿ ಕರೆತಂದರು. ಕೊಳವೆ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಮೂತ್ರ ಹೊರಬಂತು. ಈ ಜಾತಿಯ ಮಾತ್ರೆಗಳು ನಿದ್ದೆ ತರುವುದಲ್ಲದೆ ಬಾಯಿ ಒಣಗಿಸುತ್ತವೆ, ಮೂತ್ರಕೋಶದ ಸಂಕೋಚನಶಕ್ತಿಯನ್ನೂ ಕುಗ್ಗಿಸುತ್ತವೆ. ಪ್ರಾಸ್ಟೇಟ್ ತೊಂದರೆಯವರು, ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಎರಡು ವರ್ಷದೊಳಗಿನ ಮಗುವಿಗೆ ಇದನ್ನು ಕೊಡಲೇಬಾರದು. "ದಾರಿಯಲ್ಲಿ ಅಳದೆ ಮಲಗಲಿ" ಎಂದು ಕಾಲು ಮಾತ್ರೆ ಕರಗಿಸಿ ಕುಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮಗುವಿನ ಉಸಿರಾಟವೇ ಕುಂದಬಹುದು. ಮಾತ್ರೆ ನುಂಗಿದವರು ಬೆಳಿಗ್ಗೆ ಇಳಿದು, ನಿಲ್ದಾಣದಲ್ಲಿಟ್ಟ ಸ್ಕೂಟರ್ ಹತ್ತಿ ಮನೆಗೆ ಹೊರಡುವುದೂ ಅಪಾಯ. ಆಟೋ ಹಿಡಿಯಿರಿ.

ಘಾಟಿ ಇಳಿಯುವಾಗ ಕಿವಿ ಗಪ್ಪೆಂದು ಕಟ್ಟಿಕೊಳ್ಳುವುದು ಗಾಳಿಯ ಒತ್ತಡ ಬದಲಾಗುವುದರಿಂದ. ದೊಡ್ಡವರು ಎಂಜಲು ನುಂಗಿದರೆ, ಆಕಳಿಸಿದರೆ ಸರಿಹೋಗುತ್ತದೆ. ಹಸುಗೂಸು ಅಲ್ಲಿ ಕಿರುಚಿಕೊಂಡರೆ ಎದೆಹಾಲು ಕೊಡಿ. ಹೀರಿ ನುಂಗುವಾಗ ಕಿವಿ ಬಿಡುತ್ತದೆ.

ಔಷಧಿ ಚೀಲ ಕೈಯಲ್ಲೇ ಇರಲಿ

ಸೂಟ್‌ಕೇಸು ಬಸ್ಸಿನ ಹೊಟ್ಟೆಯೊಳಗೆ, ಇನ್ಸುಲಿನ್ ಸೂಟ್‌ಕೇಸಿನೊಳಗೆ. ಇದು ನಾನು ಮತ್ತೆ ಮತ್ತೆ ಕೇಳುವ ಕಥೆ. ನಡುರಾತ್ರಿ ಅದನ್ನು ತೆಗೆಸಲು ಸಾಧ್ಯವೇ? ಆಸ್ತಮಾದವರ ಇನ್‌ಹೇಲರ್, ಹೃದ್ರೋಗಿಯ ನಾಲಿಗೆಯಡಿ ಇಡುವ ಮಾತ್ರೆ, ಇನ್ಸುಲಿನ್, ಮೂರ್ಛೆರೋಗದ ಮಾತ್ರೆ ಇವೆಲ್ಲ ಅಂಗಿಯ ಜೇಬಿನಲ್ಲಿ ಅಥವಾ ಮಡಿಲ ಚೀಲದಲ್ಲಿರಬೇಕು. ಔಷಧಿಯ ಚೀಟಿಯ ಪ್ರತಿಯೊಂದು ಜೊತೆಗಿರಲಿ. ಬಳಕೆಯಲ್ಲಿರುವ ಇನ್ಸುಲಿನ್ ಒಂದು ರಾತ್ರಿ ಹೊರಗಿದ್ದರೆ ಕೆಡುವುದಿಲ್ಲ. ಬಿಸಿಯಾಗುವ ಎಂಜಿನ್ ಬಳಿ ಇಡಬೇಡಿ, ಮಂಜುಗಡ್ಡೆಗೆ ತಾಗಿಸಿಯೂ ಇಡಬೇಡಿ.

ಸಕ್ಕರೆ ಕಾಯಿಲೆಯವರಿಗೆ ವಿಶೇಷ ಎಚ್ಚರಿಕೆ. ಮನೆಯಲ್ಲಿ ಎಂಟಕ್ಕೆ ಇನ್ಸುಲಿನ್ ಚುಚ್ಚಿಕೊಂಡು, "ಬಸ್ಸು ಹತ್ತೂವರೆಗೆ ಊಟಕ್ಕೆ ನಿಲ್ಲುತ್ತದೆ" ಎಂದು ಹತ್ತುವವರಿದ್ದಾರೆ. ಬೆಂಗಳೂರಿನ ವಾಹನ ಸಂದಣಿಯಲ್ಲಿ ಬಸ್ಸು ನೆಲಮಂಗಲ ದಾಟುವಷ್ಟರಲ್ಲೇ ಹನ್ನೊಂದಾಗಿರುತ್ತದೆ. ಊಟ ಕಣ್ಣೆದುರು ಬರದೆ ಊಟದ ಇನ್ಸುಲಿನ್ ಬೇಡ. ಗ್ಲಿಮೆಪಿರೈಡ್‌ನಂತಹ ಮಾತ್ರೆಗೂ ಇದೇ ನಿಯಮ. ಕೈ ನಡುಗಿ, ಬೆವರಿ, ಎದೆ ಡವಗುಟ್ಟಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕೂಡಲೇ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ಬಾಳೆಹಣ್ಣೋ ಬಿಸ್ಕತ್ತೋ ತಿನ್ನಿ. ಪಕ್ಕದ ಸೀಟಿನವರಿಗೆ ನಿಮ್ಮ ಕಾಯಿಲೆ ತಿಳಿದಿರುವುದು ಒಳ್ಳೆಯದು. ಕತ್ತಲೆಯಲ್ಲಿ ಪ್ರಜ್ಞೆ ತಪ್ಪಿದವರನ್ನು ಗಾಢ ನಿದ್ದೆಯೆಂದೇ ಎಲ್ಲರೂ ಭಾವಿಸುತ್ತಾರೆ. ಮೂರ್ಛೆರೋಗದವರಿಗೆ ನಿದ್ದೆಗೆಡುವುದು, ಮಾತ್ರೆ ತಪ್ಪುವುದು ಎರಡೂ ಫಿಟ್ಸ್‌ಗೆ ಕಾರಣಗಳೇ. ಅವರು ಹಗಲು ಪ್ರಯಾಣ ಮಾಡಿದರೆ ಮೇಲು. ಧೂಳಿಗೆ ಉಸಿರು ಕಟ್ಟುವವರು ಬಸ್ಸಿನ ಕಂಬಳಿಯನ್ನು ಬಿಟ್ಟು ಮನೆಯ ಹೊದಿಕೆಯನ್ನೇ ತನ್ನಿ.

ಮಳೆಗಾಲದಲ್ಲಿ ಎಂಟು ಗಂಟೆಯ ಲೆಕ್ಕವನ್ನು ನಂಬಬಾರದು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ದಾರಿ ಬಂದ್ ಆದದ್ದು ನೆನಪಿದೆಯಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಎರಡು ದಿನಕ್ಕಾಗುವಷ್ಟು ಔಷಧಿ, ಒಂದು ಹೊತ್ತಿನ ಒಣ ತಿಂಡಿ, ಮಗುವಿದ್ದರೆ ಓ.ಆರ್.ಎಸ್. ಪೊಟ್ಟಣ ಹೆಚ್ಚಿಗೆ ಇಟ್ಟುಕೊಳ್ಳಬೇಕು. ದಾರಿಯಲ್ಲಿ ಯಾರಿಗಾದರೂ ಎದೆನೋವು, ಉಸಿರಾಟದ ತೊಂದರೆ ಕಂಡರೆ ಊರು ಮುಟ್ಟಲಿ ಎಂದು ಕಾಯದೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಘಾಟಿಯೊಳಗೆ ಮೊಬೈಲ್ ಸಂಪರ್ಕ ಕೈಕೊಡುವುದುಂಟು. ಆದ್ದರಿಂದ ಸಕಲೇಶಪುರ ದಾಟುವ ಮೊದಲೇ ನಿರ್ಧಾರ ಮಾಡಬೇಕು. ಹಾಸನದಲ್ಲಿ ಶುರುವಾದ ಎದೆನೋವಿಗೆ ಹಾಸನದಲ್ಲೇ ಇಳಿಯಬೇಕು.

ಮಂಗಳೂರಿನ ಆಸ್ಪತ್ರೆಗಳಿಗೆ ತೋರಿಸಲೆಂದು ರಾತ್ರಿ ಬಸ್ಸಿನಲ್ಲಿ ಬರುವ ಕುಟುಂಬಗಳು ಬಹಳ. "ಹೇಗೂ ಖಾಲಿ ಹೊಟ್ಟೆ, ರಕ್ತ ಕೊಟ್ಟೇಬಿಡೋಣ" ಎಂದು ನಿಲ್ದಾಣದಿಂದ ನೇರವಾಗಿ ಪ್ರಯೋಗಾಲಯಕ್ಕೆ ಹೋಗುತ್ತಾರೆ. ನಿದ್ದೆಗೆಟ್ಟು, ದಣಿದು, ನೀರಿಲ್ಲದೆ ಒಣಗಿದ ದೇಹದ ಲೆಕ್ಕ ಮಾಮೂಲಿ ದಿನದ ಲೆಕ್ಕವಲ್ಲ. ಮೂತ್ರಕೋಶ ತುಂಬಿಕೊಂಡು ಕುಳಿತವರ ರಕ್ತದೊತ್ತಡವೇ ಹತ್ತು ಪಾಯಿಂಟಿನಷ್ಟು ಹೆಚ್ಚು ತೋರಿಸಬಹುದು. ತುರ್ತಿಲ್ಲದಿದ್ದರೆ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಒಂದು ರಾತ್ರಿ ಮಲಗಿ ಹೋಗಿ. ಖಾಲಿ ಹೊಟ್ಟೆಯ ಪರೀಕ್ಷೆಗೂ ಬರಿಯ ನೀರು ಕುಡಿಯಬಹುದು ಎಂಬುದು ಹಲವರಿಗೆ ತಿಳಿದಿಲ್ಲ.

ಊದಿದ ಕಾಲು

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತವೆ. ಕಾಲು ಇಳಿಬಿಟ್ಟು ಎಂಟು ಗಂಟೆ ಕುಳಿತರೆ ಈ ಪಂಪು ನಿಂತುಹೋಗುತ್ತದೆ, ಪಾದ ಊದಿಕೊಳ್ಳುತ್ತದೆ. ಎರಡೂ ಕಾಲು ಸಮನಾಗಿ ಊದಿ, ಮನೆಗೆ ಬಂದು ಕಾಲೆತ್ತಿ ಮಲಗಿದ ಮೇಲೆ ಇಳಿದುಹೋದರೆ ಗಾಬರಿಯಿಲ್ಲ. ತಡೆಯುವುದೂ ಸುಲಭ. ಗಂಟೆಗೊಮ್ಮೆ ಎಚ್ಚರವಾದಾಗಲೆಲ್ಲ ಹೊಲಿಗೆ ಯಂತ್ರ ತುಳಿಯುವಂತೆ ಹಿಮ್ಮಡಿ ಊರಿ ಬೆರಳೆತ್ತಿ, ಬೆರಳೂರಿ ಹಿಮ್ಮಡಿಯೆತ್ತಿ ಇಪ್ಪತ್ತು ಸಲ ಮಾಡಿ. ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಬಿಗಿಯಾದ ಪ್ಯಾಂಟು, ಕಾಲಿಗೆ ಅಚ್ಚು ಮೂಡಿಸುವ ಕಾಲುಚೀಲ ಬೇಡ. ಕಾಲ ಬಳಿ ಸಾಮಾನು ತುಂಬಿ ಮಂಡಿ ಅಲುಗಿಸಲೂ ಜಾಗವಿಲ್ಲದಂತೆ ಕೂರಬೇಡಿ.

ಕೆಲವೊಮ್ಮೆ ಮಾತ್ರ ನಿಂತ ರಕ್ತ ಒಳಗಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟುತ್ತದೆ. ವಿಮಾನ ಪ್ರಯಾಣಿಕರ ಕಾಯಿಲೆಯೆಂದು ಇದಕ್ಕೆ ಹೆಸರು ಬಂದಿದೆ, ಆದರೆ ಬಸ್ಸು, ಕಾರು, ರೈಲಿನಲ್ಲಿ ಕುಳಿತವರಿಗೂ ಬರುತ್ತದೆ. ನಾಲ್ಕು ಗಂಟೆ ಅಥವಾ ಹೆಚ್ಚಿನ ಪ್ರಯಾಣದಿಂದ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಮಾಡಿತು. ಎರಡರಷ್ಟಾದರೂ ಸುಮಾರು 6000 ಜನರಲ್ಲಿ ಒಬ್ಬರಿಗೆ ಮಾತ್ರ. ಹಾಗಾಗಿ ಎಲ್ಲರೂ ಭಯಪಡಬೇಕಿಲ್ಲ. ಹಿಂದೆ ಹೀಗೆ ಹೆಪ್ಪುಗಟ್ಟಿದವರು, ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಬಾಣಂತಿಯರು, ಸಂತಾನನಿಯಂತ್ರಣದ ಮಾತ್ರೆ ನುಂಗುವವರು, ಬಹಳ ದಪ್ಪಗಿರುವವರು ಹೊರಡುವ ಮೊದಲು ವೈದ್ಯರನ್ನು ಕಾಣಬೇಕು. ಯಾರೋ ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ. ಬಿಗಿ ಕಾಲುಚೀಲವನ್ನೂ ಅಳತೆ ನೋಡದೆ ಹಾಕಬೇಡಿ.

ಅಪಾಯದ ಗುರುತು ಇದು: ಒಂದೇ ಕಾಲು ಊದುವುದು, ಅದೇ ಕಾಲಿನ ಮೀನಖಂಡದಲ್ಲಿ ನೋವು, ಮುಟ್ಟಿದರೆ ಬಿಸಿ, ಚರ್ಮ ಕೆಂಪಾಗುವುದು. ಉಳುಕಿದೆಯೆಂದು ಎಣ್ಣೆ ಹಚ್ಚಿ ನೀವಿಸಬೇಡಿ, ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಇದ್ದಕ್ಕಿದ್ದಂತೆ ಏದುಸಿರು, ಎದೆಯಲ್ಲಿ ಚುಚ್ಚುವ ನೋವು, ಕೆಮ್ಮಿದಾಗ ರಕ್ತ ಕಂಡರೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದು ಬಸ್ಸಿನಿಂದ ಇಳಿದ ದಿನವೇ ಕಾಣಿಸಿಕೊಳ್ಳಬೇಕೆಂದಿಲ್ಲ. ಪ್ರಯಾಣದ ನಂತರ ಸುಮಾರು ನಾಲ್ಕು ವಾರಗಳವರೆಗೂ ಬರಬಹುದು. ಆ ಅವಧಿಯಲ್ಲಿ ಕಾಲು ನೋವೆಂದು ಯಾವ ವೈದ್ಯರ ಬಳಿ ಹೋದರೂ, ಇಂಥ ದಿನ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದೆ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.